ಅತಿ ಸುಲಭವೆಂದು ಅಚ್ಚು ಹಾಕಿಸಿದವರಿಗೆ

'ಪುಟ್ಟ ಕೈಗಳಿಗೆ ಜನಪ್ರಿಯ ಹಾಡುಗಳು: ಪಿಯಾನೋ ಮೊದಲ ಭಾಗ, ಅತಿ ಸುಲಭ' ಎಂಬ ಪುಸ್ತಕದ ಮಾನ್ಯ ಸಂಪಾದಕರೇ,

ತಾವೂ ತಮ್ಮ ಸಿಬ್ಬಂದಿಯೂ ಸೌಖ್ಯವಾಗಿದ್ದೀರೆಂದು ನಂಬಿ ದೂರದಿಂದಲೇ ನಮಸ್ಕರಿಸುತ್ತೇನೆ. ಹತ್ತಿರದಲ್ಲಿದ್ದಿದ್ದರೆ ಈ ನಮಸ್ಕಾರದ ಸ್ವರೂಪ ಬೇರೆಯಾಗಿರುತ್ತಿತ್ತು. ನಾನು ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳು. ಇಷ್ಟು ವರ್ಷಗಳಲ್ಲಿ ಯಾವ ಪ್ರಕಾಶನಕ್ಕೂ ಒಂದು ಸಾಲು ಬರೆದವಳಲ್ಲ. ತಮ್ಮ ಪುಸ್ತಕದ ಹಿರಿಮೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ನನ್ನ ಶಿಷ್ಯೆಯರಲ್ಲಿ ಎಂಟು ವರ್ಷದವಳೊಬ್ಬಳಿದ್ದಾಳೆ. ಆಳು ಗುಬ್ಬಚ್ಚಿಯಷ್ಟೇ ಇರುವುದರಿಂದ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಾರೆ. ತಂದೆ ಬಸ್ ಡ್ರೈವರ್, ತಾಯಿ ಹೊಲಿಗೆ ಅಂಗಡಿಯವರು. ಎರಡು ವರ್ಷ ನಾನು ಗುಬ್ಬಿಗೆ ಬೆರಳಿನ ಪಾಠಗಳನ್ನು ಮೇಲೆ ಕೆಳಗೆ, ಕೆಳಗೆ ಮೇಲೆ ಮಾಡಿಸಿದೆ. ಹೋದ ತಿಂಗಳು ಅವಳ ತಾಯಿ ಬಾಗಿಲಲ್ಲೇ ನಿಂತು, "ಟೀಚರ್, ಮಂಗಳವಾರ ಬಂತು ಅಂದ್ರೆ ಸಾಕು, ಇವಳಿಗೆ ಹೊಟ್ಟೆನೋವು. ಈ ತಿಂಗಳು ನೋಡಿ ಬಿಡಿಸಿಬಿಡ್ತೀವಿ, ಬೇಜಾರು ಮಾಡ್ಕೋಬೇಡಿ," ಎಂದರು. ಬೇಜಾರು ಮಾಡಿಕೊಳ್ಳಬೇಡಿ ಎಂದ ಮೇಲೆ ಮಾಡಿಕೊಳ್ಳದೆ ಇರುವುದು ಹೇಗೆ? ಗುಬ್ಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನಗೇನು ನುಡಿಸಬೇಕು ಅನ್ನಿಸುತ್ತದೆ ಎಂದು ಕೇಳಿದೆ. ಪಾತ್ರೆ ತೊಳೆಯುವಾಗ ಅಪ್ಪನೂ ತಾನೂ ಸೇರಿ ಹಾಡುವ ಒಂದು ಸಿನಿಮಾ ಹಾಡಿನ ಹೆಸರು ಹೇಳಿದಳು. ಅಂಥ ಹಾಡುಗಳೆಂದರೆ ಮೂಗು ಮುರಿಯುತ್ತಿದ್ದ ನಾನು ಅಂದೇ ಪುಸ್ತಕದಂಗಡಿಗೆ ಓಡಿದೆ.

ಅಲ್ಲಿ ತಮ್ಮ ಪುಸ್ತಕ ಮೈತುಂಬ ಪ್ಲಾಸ್ಟಿಕ್ ಹೊದ್ದು ಕುಳಿತಿತ್ತು. ಒಳಗೊಮ್ಮೆ ನೋಡಲೇ ಎಂದದ್ದಕ್ಕೆ ಅಂಗಡಿಯವರು, "ಮೇಡಂ, ಬಿಚ್ಚಿದ್ರೆ ನೀವೇ ತಗೋಬೇಕು," ಎಂದರು. ಮುಖಪುಟದಲ್ಲಿ ಹಲ್ಲುದುರಿದ ಮಗುವೊಂದು ಪಿಯಾನೋ ಮುಂದೆ ನಗುತ್ತಿತ್ತು, ಹಿಂಬದಿಯ ಪಟ್ಟಿಯಲ್ಲಿ ನಮಗೆ ಬೇಕಾದ ಹಾಡೂ ಇತ್ತು. ನಂಬಿದೆ. ಆ ಮಗು ಯಾಕೆ ನಗುತ್ತಿತ್ತು ಎಂಬುದು ಮನೆಗೆ ಬಂದು ಬಿಚ್ಚಿದ ಮೇಲೆ ತಿಳಿಯಿತು.

ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಎಂಟು ವರ್ಷದ ಎಡಗೈ ಏಕಕಾಲಕ್ಕೆ ಒತ್ತಬೇಕಾದ ಪಿಯಾನೋದ ಎರಡು ಕೀಲಿಗಳ ನಡುವೆ ತಾವು ಬಿಟ್ಟಿರುವ ಅಂತರದಲ್ಲಿ ಗುಬ್ಬಿಯ ಎರಡು ಕೈಗಳೂ ಆರಾಮವಾಗಿ ಮಲಗಿ ಹೊರಳಾಡಬಹುದು. ತಾಳವನ್ನು ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದೀರೆಂದರೆ, ಸಿನಿಮಾದ ಗಾಯಕರು ಉಸಿರು ಸಾಲದೆ ತಡವರಿಸಿದ್ದೂ ಅಚ್ಚಾಗಿದೆ. ಇರುವೆ ಮುತ್ತಿದಂತೆ ಸ್ವರಗಳು ಕವಿದ ಪುಟ ನೋಡಿದರೆ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಲು ಮರೆತಂತೆ ಕಾಣುತ್ತದೆ. ಇದಲ್ಲದೆ ಪುಸ್ತಕದ ಬೆನ್ನು ಬಹಳ ಸ್ವಾಭಿಮಾನದ್ದು. ತೆರೆದಿಟ್ಟರೆ ನಾಲ್ಕನೆಯ ಸಾಲಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಅದನ್ನು ಹಿಡಿದುಕೊಳ್ಳಲೆಂದು ನಾನು ಬೆಂಚಿನ ಪಕ್ಕ ಒಂಟಿಕಾಲಲ್ಲಿ ನಿಂತದ್ದನ್ನು ಗುಬ್ಬಿ ಮನೆಯಲ್ಲಿ ಅಭಿನಯಿಸಿ ತೋರಿಸಿದ್ದಾಳಂತೆ.

ಆದರೂ ಆ ಮಗು ಎರಡು ವಾರ ತುಟಿ ಕಚ್ಚಿಕೊಂಡು ಪಟ್ಟುಬಿಡದೆ ನುಡಿಸಿತು. ಎರಡನೆಯ ವಾರದ ಕೊನೆಗೆ ಒಂದು ಪುಟ ಒಂದೂ ತಪ್ಪಿಲ್ಲದೆ ಮುಗಿಸಿ, ನನ್ನ ಮುಖ ನೋಡಿ, "ಮಿಸ್, ನಾನು ಸರಿಯಾಗೇ ನುಡಿಸ್ತಿದೀನಿ ಅಲ್ವಾ? ಮತ್ತೆ ಹಾಡು ಎಲ್ಲಿ?" ಎಂದಿತು. ಕಣ್ಣಲ್ಲಿ ನೀರಿತ್ತು. ನಾನು ಕನ್ನಡಕ ಹಾಕಿಕೊಂಡು ಪುಟವನ್ನು ನೋಡಿದೆ. ಮಾನ್ಯರೇ, ಹಾಡಿನ ರಾಗವನ್ನು ತಾವು ಮೇಲೆ ಹಾಡುವವರಿಗೆಂದು ಬೇರೆ ಸಾಲಿನಲ್ಲಿ ಬರೆದು, ಪಿಯಾನೋಗೆ ಕೇವಲ ಹಿಮ್ಮೇಳವನ್ನು ಬಿಟ್ಟಿದ್ದೀರಿ. ಮದುಮಗಳಿಲ್ಲದ ಮದುವೆಗೆ ಎರಡು ವಾರ ಆ ಮಗು ಚಪ್ಪರ ಹಾಕಿತ್ತು. ಅದನ್ನು ಗಮನಿಸದೆ ಹೋದವಳು ನಾನು; ಈ ದೂರಿನ ಒಂದು ಪ್ರತಿಯನ್ನು ನನ್ನ ವಿಳಾಸಕ್ಕೂ ಕಳುಹಿಸಿಕೊಂಡಿದ್ದೇನೆ.

ಪುಸ್ತಕವನ್ನು ಅದರ ಇಷ್ಟದಂತೆ ಮುಚ್ಚಿಕೊಳ್ಳಲು ಬಿಟ್ಟು, "ನೀನು ಹಾಡು, ನಾನು ಬರ್ಕೋತೀನಿ," ಎಂದೆ. ಗುಬ್ಬಿ ಮೊದಲು ನಾಚಿ, ಆಮೇಲೆ ಗೋಡೆಯ ಕಡೆ ತಿರುಗಿ ನಿಂತು ಹಾಡಿದಳು. ಎರಡು ವರ್ಷ ನನ್ನ ಮುಂದೆ ಕುಳಿತ ಹುಡುಗಿಗೆ ಅಂಥ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ, ಕೇಳಿದ್ದರಲ್ಲವೇ ಗೊತ್ತಾಗುವುದು? ಬಲಗೈಗೆ ಬರಿಯ ರಾಗ, ಎಡಗೈಗೆ ಸಾಲಿಗೆರಡು ಸ್ವರ, ಒಂದೇ ಪುಟದಲ್ಲಿ ದಪ್ಪ ಪೆನ್ನಿನಿಂದ ಬರೆದುಕೊಟ್ಟೆ. ಅರ್ಧ ಗಂಟೆಯಲ್ಲಿ ಹಾಡು ಕೋಣೆಗೆ ಬಂತು.

ಆ ಹೊತ್ತಿಗೆ ಕರೆದುಕೊಂಡು ಹೋಗಲು ಬಂದ ಅವರಪ್ಪ, ಡ್ಯೂಟಿಯ ಅಂಗಿಯಲ್ಲೇ, ಚಪ್ಪಲಿ ಬಿಡುತ್ತಿದ್ದವರು ಅರ್ಧಕ್ಕೇ ನಿಂತು, ಬಾಗಿಲಿನಿಂದಲೇ ಗಟ್ಟಿಯಾಗಿ ಹಾಡಲು ಶುರುಮಾಡಿದರು, ಅದೂ ಒಂದು ಸಾಲು ಮುಂಚೆ. ಗುಬ್ಬಿ ಕೈ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ಅಪ್ಪಾ, ತಡಿ, ನಿನ್ನ ಜಾಗ ಇನ್ನೂ ಬಂದಿಲ್ಲ. ನಾನು ಹೇಳ್ತೀನಿ," ಎಂದಳು. ಊರಿನ ಟ್ರಾಫಿಕ್ಕಿಗೇ ಜಗ್ಗದ ಮನುಷ್ಯ ಒಂದೇ ಚಪ್ಪಲಿಯಲ್ಲಿ ಕೈಕಟ್ಟಿ ನಿಂತು ಕಾದರು. ಅವಳು ತಲೆಯಾಡಿಸಿದ ಮೇಲೆಯೇ ಹಾಡಿದರು. ನಾನು ಕಿಟಕಿಯ ಹೊರಗೆ ಏನನ್ನೋ ನೋಡುವವಳಂತೆ ನಟಿಸಬೇಕಾಯಿತು. ಬಿಡಿಸುವ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಸಣ್ಣಪುಟ್ಟ ಕೋರಿಕೆಗಳಿವೆ. ಮುಂದಿನ ಮುದ್ರಣದಲ್ಲಿ ಹಾಡುಗಳ ಪುಸ್ತಕಕ್ಕೆ ಹಾಡುಗಳನ್ನೂ ಸೇರಿಸುವುದು. ಅದು ಕಷ್ಟವಾದರೆ ಪ್ರತಿ ಪ್ರತಿಯ ಜೊತೆ ಒಬ್ಬ ಗಾಯಕರನ್ನೂ, ಪುಟ ಹಿಡಿಯಲು ಒಬ್ಬ ದಷ್ಟಪುಷ್ಟ ನೌಕರರನ್ನೂ ಪ್ಲಾಸ್ಟಿಕ್ಕಿನಲ್ಲೇ ಸುತ್ತಿ ಕಳುಹಿಸುವುದು. ಅದೂ ಆಗದಿದ್ದರೆ ಮಕ್ಕಳು ಮೂವತ್ತು ವರ್ಷದವರಾಗಿಯೇ ಹುಟ್ಟುವಂತೆ ಸಂಬಂಧಪಟ್ಟವರಲ್ಲಿ ಶಿಫಾರಸು ಮಾಡುವುದು.

ಇನ್ನು ಮೇಲೆ ಕೊಳ್ಳುವ ಮುನ್ನ ಬಿಚ್ಚಿ ನೋಡುವ ಹಟ ಹಿಡಿದಿರುವ,
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಪಿಯಾನೋ ಟೀಚರ್

ಮರೆತಿದ್ದ ಮಾತು: ಲಕೋಟೆಯಲ್ಲಿರುವ ಕಾಗದದ ಮೇಲೆ ಗುಬ್ಬಿ ತನ್ನ ಕೈಯಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಿದ್ದಾಳೆ, ಇದ್ದ ಅಳತೆಯೇ, ಎಲ್ಲೂ ಕುಗ್ಗಿಸಿಲ್ಲ. ಪಕ್ಕದಲ್ಲಿ ತಮ್ಮ ಕೈಗೆಂದು ಜಾಗ ಬಿಟ್ಟಿದ್ದಾಳೆ. ತಮಗೆ ಬೆರಳು ಎಷ್ಟಿವೆ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲದ ಕಾರಣ, ಗೆರೆ ಎಳೆದು ಮರುಟಪಾಲಿನಲ್ಲಿ ಕಳುಹಿಸಬೇಕಾಗಿ ವಿನಂತಿ.