ಆಷಾಢದಲ್ಲಿ ಇಳಿಸಿದ ಹನ್ನೊಂದು ಹೆಂಚು

ನಾಲ್ಕು ತಾಲೂಕು ಹಾಲು ಸಂಗ್ರಹಣಾ ಸಂಘದ ನಲವತ್ತೊಂದು ಕೇಂದ್ರಗಳ ಇಡೀ ವರ್ಷದ ತಪಾಸಣೆಯನ್ನು 1997ರ ಏಪ್ರಿಲ್ ಮೊದಲ ವಾರದಲ್ಲಿ, ಎರಡೂವರೆ ದಿನದೊಳಗೆ, ಕುರ್ಚಿಯಿಂದ ಏಳದೆ ಮುಗಿಸಿದ ಏಕೈಕ ವ್ಯಕ್ತಿ ನಾನು. ಈ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಮುರಿಯಲು ಯಾರೂ ಪ್ರಯತ್ನ ಪಟ್ಟಿಲ್ಲ ಎಂಬುದು ಬೇರೆ ಮಾತು.

ನಡೆದದ್ದು ಹೀಗೆ. ನಮ್ಮ ಸಂಘಕ್ಕೆ ಗುಣಮಟ್ಟದ ಪ್ರಮಾಣಪತ್ರ ಬೇಕಾಗಿತ್ತು. ಅದಕ್ಕೆ ಪಾಂಡವಪುರದ ಕಚೇರಿಗೆ ಒಂದು ಕಂಪ್ಯೂಟರು, ಕಂಪ್ಯೂಟರಿನೊಳಗೆ ಒಂದು ತಪಾಸಣಾ ಪ್ರೋಗ್ರಾಮು, ಪ್ರೋಗ್ರಾಮಿನ ಮುಂದೆ ಒಬ್ಬ ಮನುಷ್ಯ ಬೇಕೆಂದು ತೀರ್ಮಾನವಾಯಿತು. ಮನುಷ್ಯನಾಗಿ ನನ್ನನ್ನು ಆರಿಸಿದರು. ಮೈಸೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಮೊದಲ ದಿನ ತಪಾಸಣೆಯ ದಿನಾಂಕಗಳನ್ನು ಯೋಜಿಸುವುದು ಹೇಗೆ, ಕಂಡದ್ದನ್ನು ನಮೂದಿಸುವುದು ಹೇಗೆ ಎಂದು ಹೇಳಿಕೊಟ್ಟರು. ಎರಡನೆಯ ದಿನ, ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡುವುದು ಹೇಗೆ ಎಂಬ ಪಾಠ. ಅದು ಊಟದ ನಂತರ ಇತ್ತು. ಊಟಕ್ಕೆ ಬಿಸಿಬೇಳೆಬಾತು ಹಾಕಿದ್ದರು. ಆ ಪಾಠ ನನಗೆ ಸರಿಯಾಗಿ ಕೇಳಿಸಲಿಲ್ಲ.

ಪ್ರೋಗ್ರಾಮು ಬಹಳ ಶಿಸ್ತಿನದು. ತಪಾಸಣೆಯ ದಿನವೇ ನಮೂದಾಗದಿದ್ದರೆ ಪರದೆ ಕೆಂಪಗಾಗುತ್ತಿತ್ತು. ಕರೆಂಟು ಯಾವ ದಿನ ಇರುತ್ತದೆ ಎಂಬುದು ಕರೆಂಟಿನವರಿಗೇ ಗೊತ್ತಿರದಿದ್ದ ಕಾಲ ಅದು. ಏಪ್ರಿಲಿನಲ್ಲಿ ಯಾರೋ ಮಂತ್ರಿಗಳ ಪ್ರವಾಸದ ನಿಮಿತ್ತ ಮೂರು ದಿನ ದೀಪ ಆರಲಿಲ್ಲ. ಇಂಥ ಯೋಗ ಮತ್ತೆ ಬರುವುದಿಲ್ಲ ಎಂದು ನಾನು ಮುಂದಿನ ಮಾರ್ಚಿಯವರೆಗಿನ ತಪಾಸಣೆಗಳನ್ನೆಲ್ಲ ಆಯಾ ದಿನಾಂಕಕ್ಕೆ ನಮೂದಿಸಿಬಿಟ್ಟೆ. ಇದನ್ನು ಕೆಲವರು ಸುಳ್ಳು ದಾಖಲೆ ಎನ್ನಬಹುದು. ನಾನು ದೂರದೃಷ್ಟಿ ಎನ್ನುತ್ತೇನೆ.

ಒಂದೇ ತೊಡಕು. ಲೋಪ ಸಿಗದ ತಪಾಸಣೆಯನ್ನು ಪ್ರೋಗ್ರಾಮು ಒಪ್ಪುತ್ತಿರಲಿಲ್ಲ. ಲೋಪ ಬರೆದ ಮೇಲೆ ಅದನ್ನು ಸರಿಪಡಿಸಿದ ದಿನಾಂಕವನ್ನೂ ಕೇಳುತ್ತಿತ್ತು. ನಾನು ಕೈಬಿಚ್ಚಿ ಹಂಚಿದೆ. ಶ್ರೀರಂಗಪಟ್ಟಣದ ಗಂಜಾಂ ಕೇಂದ್ರಕ್ಕೆ ನೊಣ, ನಾಗಮಂಗಲದ ದೇವಲಾಪುರಕ್ಕೆ ಇಲಿ. ಕೆ.ಆರ್. ಪೇಟೆಯ ಸಂತೆಬಾಚಹಳ್ಳಿಗೆ ಬರುವಷ್ಟರಲ್ಲಿ ಪ್ರಾಣಿಗಳು ಮುಗಿದಿದ್ದವು. ಆದ್ದರಿಂದ ‘ಜುಲೈ 14: ಕ್ಯಾನಿಡುವ ಜಾಗದ ಮೇಲೆ ಹನ್ನೊಂದು ಹೆಂಚು ಇಲ್ಲ. ಜುಲೈ 20: ಹೆಂಚು ಹೊದಿಸಲಾಯಿತು’ ಎಂದು ಬರೆದೆ. ಒಮ್ಮೆ ಉಳಿಸಿದ ದಾಖಲೆಯನ್ನು ತಿದ್ದಲೂ ಬಾರದು, ಅಳಿಸಲೂ ಬಾರದು. ಅದೇ ಅದರ ಹೆಚ್ಚುಗಾರಿಕೆ ಎಂದು ಮಾರಿದವನು ಹೇಳಿದ್ದ.

ಜುಲೈ ಹತ್ತರಂದು ಪ್ರಮಾಣಪತ್ರ ಕೊಡುವ ಕಚೇರಿಯಿಂದ ಸುತ್ತೋಲೆ ಬಂತು: ‘ಪರಿಶೀಲನಾಧಿಕಾರಿ ಮಹದೇವಸ್ವಾಮಿಯವರು ದಿನಾಂಕ 14ರಂದು ಸಂತೆಬಾಚಹಳ್ಳಿ ಕೇಂದ್ರಕ್ಕೆ ಖುದ್ದು ಭೇಟಿ ಕೊಟ್ಟು, ದಾಖಲೆಯನ್ನೂ ಸ್ಥಳವನ್ನೂ ತಾಳೆ ನೋಡತಕ್ಕದ್ದು. ತಾಳೆಯಾಗದ ಕೇಂದ್ರವನ್ನು ಮುಚ್ಚತಕ್ಕದ್ದು.’

ಆ ಕೇಂದ್ರದ ಕಾರ್ಯದರ್ಶಿ ಪುಟ್ಟಗೌರಮ್ಮ. ತೊಂಬತ್ತಾರು ಮನೆಯ ಹಾಲು ಅಲ್ಲಿಗೆ ಬೀಳುತ್ತಿತ್ತು. ಕೇಂದ್ರ ಮುಚ್ಚಿದರೆ ಆ ತೊಂಬತ್ತಾರು ಮನೆಯ ಹೆಂಗಸರು ದಿನಾ ಎರಡು ಹೊತ್ತು ಹಾಲು ಹೊತ್ತು ನಾಲ್ಕು ಮೈಲಿ ನಡೆಯಬೇಕು. ನಾನು ಮೊಪೆಡ್ಡು ಹತ್ತಿ ಹೋದೆ. ಅದು ಕೇಂದ್ರವೊಂದಕ್ಕೆ ನನ್ನ ಮೊಟ್ಟಮೊದಲ ಭೇಟಿ. ಕಟ್ಟಡ ಕನ್ನಡಿಯಂತಿತ್ತು. ಒಂದು ಹೆಂಚೂ ಬಿರುಕು ಬಿಟ್ಟಿರಲಿಲ್ಲ. ನನಗೆ ತುಂಬ ಬೇಸರವಾಯಿತು.

‘ಪುಟ್ಟಗೌರಮ್ಮ, ಹನ್ನೊಂದು ಹೆಂಚು ಇಳಿಸಬೇಕಾಗಿದೆ’ ಎಂದೆ.

‘ಯಾಕಣ್ಣ, ಎಂಚ್ಗೆ ಏನಾಗದೆ?’

‘ಏನೂ ಆಗಿಲ್ಲ. ಅದೇ ತೊಂದರೆ.’

ವಿಷಯ ವಿವರಿಸಿದೆ. ಆಕೆ ಹಾಲಳೆಯುವ ಲೀಟರನ್ನು ಮೆಲ್ಲಗೆ ಕೆಳಗಿಟ್ಟರು.

‘ಅಲ್ಲ ಚಲುವರಾಜಣ್ಣ, ನೋಡ್ದೆ ಬರ್ದವ್ರು ನೀವು. ಸೂರು ಕೀಳಾದು ನಮ್ದಾ? ನಿಮ್ಮನೆ ಮ್ಯಾಗ್ಳದು ಕೀಳಿ.’

‘ನಮ್ಮ ಮನೆ ತಪಾಸಣಾ ಯೋಜನೆಯಲ್ಲಿ ಇಲ್ಲವಲ್ಲಮ್ಮ.’

‘ಬರ್ದಿದ್ದು ತಪ್ಪಾಯ್ತು ಅಂತ ಆವಯ್ಯಂಗೆ ಹೇಳ್ಬುಡಿ ಮತ್ತೆ.’

ಈ ಸಲಹೆಯನ್ನು ನಾನು ಗಂಭೀರವಾಗಿ ಪರಿಶೀಲಿಸಿದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಹನ್ನೊಂದು ಹೆಂಚು ಹೋಗುತ್ತವೆ. ಸಂಘದ ಹಿತದೃಷ್ಟಿಯಿಂದ ಎರಡನೆಯದೇ ಸೂಕ್ತವೆಂದು ಕಂಡಿತು. ‘ಆರು ದಿನದ ಮಾತು, ಇಪ್ಪತ್ತನೇ ತಾರೀಕು ನಾನೇ ನಿಂತು ಹೊದಿಸುತ್ತೇನೆ’ ಎಂದು ಭಾಷೆ ಕೊಟ್ಟೆ. ತೊಂಬತ್ತಾರು ಮನೆಯನ್ನು ನೆನೆದು ಆಕೆ ಒಪ್ಪಿದರು. ನನ್ನ ಮುಖ ನೋಡಿ ಒಪ್ಪಿದರು ಎಂದು ನಾನು ಹಲವು ಕಡೆ ಹೇಳಿಕೊಂಡಿದ್ದೇನೆ.

ಗಾರೆ ಕೆಲಸದ ಚಿಕ್ಕಮಾದಯ್ಯ ಮೇಲೆ ಹತ್ತಿ ಎಣಿಸಿ ಹನ್ನೊಂದು ಹೆಂಚು ಇಳಿಸಿದ. ಹದಿನಾಲ್ಕರಂದು ಮಹದೇವಸ್ವಾಮಿಯವರು ಬಂದರು, ತಲೆಯೆತ್ತಿ ಆಕಾಶ ನೋಡಿದರು. ‘ತಾಳೆಯಾಗಿದೆ. ಇಷ್ಟು ಕರಾರುವಾಕ್ಕಾದ ದಾಖಲೆ ನನ್ನ ಸರ್ವೀಸಿನಲ್ಲೇ ಕಂಡಿಲ್ಲ’ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಇಪ್ಪತ್ತೊಂದಕ್ಕೆ ಮತ್ತೆ ಬಂದು ಹೊದಿಸಿದ್ದನ್ನು ನೋಡುತ್ತೇನೆ ಎಂದು ಹೊರಟರು.

ಇಪ್ಪತ್ತರಂದು ಚಿಕ್ಕಮಾದಯ್ಯನನ್ನು ಕರೆದೆ. ಅವನು ಜಗಲಿಯಿಂದ ಏಳಲಿಲ್ಲ.

‘ಆಸಾಡ ಕಳೀಲಿ ಸಾ. ಸ್ರಾವಣ ಉಟ್ತಿದ್ದಂಗೆ ಬತ್ತೀನಿ.’

‘ಇಳಿಸಿದ್ದೂ ಆಷಾಢದಲ್ಲೇ ಅಲ್ಲವೇನಯ್ಯ?’

‘ಇಳ್ಸಕೆ ಆಸಾಡ ಅಡ್ಡಿಲ್ಲ ಸಾ, ಏರ್ಸಕೆ ಅಡ್ಡಿ. ಆಸಾಡ್ದಲ್ಲಿ ಯಾರಾನಾ ಸೂರು ಒದುಸ್ತಾರಾ? ನಾಳೀಕೆ ಅಸ ಕೆಚ್ಚಲು ಬತ್ತುಸ್ಕಂಡ್ರೆ ಊರ್ನೋರು ನನ್ನೇ ತಾನೆ ಇಡ್ಕಳಾದು?’

ಪಕ್ಕದ ಊರಿನ ಗಾರೆಯವನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮೂರ್ನಲ್ಲಿ ಪಂಚಾಂಗ ಇಲ್ವಾ ಎಂದ. ಪ್ರೋಗ್ರಾಮಿನಲ್ಲಿ ಪಂಚಾಂಗ ಇರಲಿಲ್ಲ. ನಾನೇ ಏರೋಣವೆಂದು ಏಣಿಯ ಮೂರು ಮೆಟ್ಟಿಲು ಹತ್ತಿದೆ. ಆ ಎತ್ತರದಿಂದ ಊರು ಬಹಳ ಸುಂದರವಾಗಿ ಕಂಡಿತು. ಇಳಿದೆ.

ಇಪ್ಪತ್ತೊಂದರಂದು ಮಹದೇವಸ್ವಾಮಿಯವರು ಬಂದಾಗ ಸೋನೆ ಹಿಡಿದಿತ್ತು. ನೀರು ನೇರವಾಗಿ ಬಾಯ್ತೆರೆದ ಕ್ಯಾನುಗಳೊಳಗೆ ಬೀಳುತ್ತಿತ್ತು. ಅವರು ನೋಡಿದರು, ದಾಖಲೆಯನ್ನು ಎರಡು ಸಲ ಓದಿದರು, ನಿರ್ಣಯ ಹೇಳಿದರು:

‘ಹೆಂಚು ಹೊದಿಸಿದೆ ಎಂದು ದಾಖಲೆಯಲ್ಲಿದೆ. ಆದ್ದರಿಂದ ಹೊದಿಸಿದೆ. ಈಗ ಕಾಣುತ್ತಿರುವುದು ಹೊಸ ಲೋಪ. ಹೊಸ ಲೋಪ ಹೊಸ ತಪಾಸಣೆಗೆ ಸೇರತಕ್ಕದ್ದು. ಈ ಕೇಂದ್ರದ ಮುಂದಿನ ತಪಾಸಣೆ ಯಾವಾಗ?’

‘ಮಾರ್ಚಿ ಒಂಬತ್ತಕ್ಕೆ ಸಾರ್’ ಎಂದೆ.

‘ಅಲ್ಲಿಯವರೆಗೆ ಈ ಸೂರು ಸಂಪೂರ್ಣವಾಗಿದೆ. ಯಾರೂ ಮುಟ್ಟತಕ್ಕದ್ದಲ್ಲ. ಇರುವ ಹೆಂಚಿನ ಮೇಲೆ ಹೆಂಚು ಹೊದಿಸುವುದು ದುಂದುವೆಚ್ಚ.’

ಪುಟ್ಟಗೌರಮ್ಮ ಸೆರಗನ್ನು ತಲೆಗೆಳೆದುಕೊಂಡು, ‘ಮತ್ತೆ ಈ ನೀರು ಎಲ್ಲಿಂದ ಬತ್ತಾ ಅದೆ ಸಾಮಿ?’ ಎಂದರು.

‘ಅದು ನನ್ನ ಕಾರ್ಯಸೂಚಿಯಲ್ಲಿಲ್ಲಮ್ಮ’ ಎಂದು ಅಧಿಕಾರಿಗಳು ಕೊಡೆ ಬಿಚ್ಚಿ ಒಳಗೇ ನಿಂತು ಸಹಿ ಹಾಕಿದರು.

ಸೂರು ಸಂಪೂರ್ಣವಾಗಿದೆಯೆಂದು ಹಾಲಿಗೆ ಗೊತ್ತಿರಲಿಲ್ಲ. ಸಂಜೆ ಹಾಲಿನ ಲಾರಿಯವರು ಲ್ಯಾಕ್ಟೋಮೀಟರು ಇಳಿಬಿಟ್ಟು, ಅರ್ಧ ನೀರಿದೆ ಎಂದು ಅಷ್ಟೂ ಕ್ಯಾನು ವಾಪಸ್ಸು ಮಾಡಿದರು. ಮಾರನೆಯ ದಿನವೂ ಹಾಗೇ. ಸತತ ಮೂರು ದಿನ ವಾಪಸ್ಸಾದರೆ ಕೇಂದ್ರದ ಹೆಸರು ತೆಗೆಯಬೇಕೆಂಬುದು ನಿಯಮ. ಆ ನಿಯಮವನ್ನು ಕರಡು ಮಾಡಿದವನೂ ನಾನೇ. ಭಾಷೆ ಬಹಳ ಚೆನ್ನಾಗಿದೆ ಎಂದು ಆಗ ಅನೇಕರು ಹೊಗಳಿದ್ದರು.

ಮೂರನೆಯ ದಿನ ಬೆಳಿಗ್ಗೆ ನಾನು ಸಂತೆಬಾಚಹಳ್ಳಿಗೆ ಪ್ರಮಾಣಪತ್ರ ತಲುಪಿಸಲು ಹೋದೆ. ಹೌದು, ಪ್ರಮಾಣಪತ್ರ ಬಂದಿತ್ತು. ನಾಲ್ಕಡಿಗೆ ಮೂರಡಿಯ ದಪ್ಪ ತಗಡಿನ ಬೋರ್ಡು, ಹಸಿರು ಬಣ್ಣ, ಬಿಳಿ ಅಕ್ಷರ: ‘ಈ ಕೇಂದ್ರದಲ್ಲಿ ಯಾವುದೇ ಲೋಪ ಬಾಕಿ ಇರುವುದಿಲ್ಲ.’ ಪುಟ್ಟಗೌರಮ್ಮ ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿದರು.

‘ಇದುನ್ನ ಎಲ್ಲಿ ಮಡಗ್ಬೇಕು ಅಂತ ಅದೆ ರೂಲ್ಸು?’

ನಾನು ಓದಿದೆ. ‘ಕೇಂದ್ರದ ಅತ್ಯಂತ ಎತ್ತರದ ಸ್ಥಳದಲ್ಲಿ ಭದ್ರವಾಗಿ ಪ್ರದರ್ಶಿಸತಕ್ಕದ್ದು.’

‘ಸೂರಿಗಿಂತ ಎತ್ರ ಯಾವ್ದದೆ ಇಲ್ಲಿ? ಚಿಕ್ಕಮಾದಯ್ಯ, ಬೋಲ್ಡು ಕಟ್ಟಕೂ ಆಸಾಡ ಅದಾ?’

ಬಾಗಿಲಲ್ಲಿ ನಿಂತಿದ್ದ ಚಿಕ್ಕಮಾದಯ್ಯ ಪಂಚೆ ಎತ್ತಿ ಕಟ್ಟಿದ. ‘ಬೋಲ್ಡ್ಗಿಲ್ಲ ಕಣಕ್ಕ’ ಎಂದು ಮೇಲೆ ಹತ್ತಿ, ಬೋರ್ಡನ್ನು ಹೆಂಚಿಲ್ಲದ ಸಂದಿಯ ಮೇಲೆ ಮಲಗಿಸಿ, ನಾಲ್ಕು ಮೂಲೆಗೂ ತಂತಿ ಬಿಗಿದ. ಕೆಳಗೆ ಒಂದು ಹನಿ ಬೀಳಲಿಲ್ಲ. ಸಂಜೆ ಲಾರಿಯವರು ಹಾಲು ತೆಗೆದುಕೊಂಡರು. ತೊಂಬತ್ತಾರು ಮನೆ ಉಳಿಯಿತು. ಅಂದಿನಿಂದ ಪುಟ್ಟಗೌರಮ್ಮ ನನಗೆ ಕಾಫಿ ಕೊಡುವುದನ್ನು ನಿಲ್ಲಿಸಿದ್ದಾರೆ. ಕೆಲಸದ ಒತ್ತಡವಿರಬೇಕು.

ಮಹದೇವಸ್ವಾಮಿಯವರು ಆಗಸ್ಟಿನಲ್ಲಿ ಬಂದು ಏಣಿ ಹತ್ತಿ ಬೋರ್ಡನ್ನು ಓದಿದರು, ನಿಯಮ ಅಕ್ಷರಶಃ ಪಾಲನೆಯಾಗಿದೆ ಎಂದು ಮೆಚ್ಚಿದರು. ವಾರದೊಳಗೆ ಆದೇಶ ಹೊರಟಿತು: ‘ಎಲ್ಲ ನಲವತ್ತೊಂದು ಕೇಂದ್ರಗಳೂ ಸಂತೆಬಾಚಹಳ್ಳಿಯ ಮಾದರಿಯಲ್ಲಿ ತಲಾ ಹನ್ನೊಂದು ಹೆಂಚು ತೆಗೆದು, ಆ ಜಾಗದಲ್ಲಿ ಪ್ರಮಾಣಪತ್ರವನ್ನು ಆಕಾಶಾಭಿಮುಖವಾಗಿ ಅಳವಡಿಸತಕ್ಕದ್ದು.’ ಯಾರೂ ಏಕೆ ಎಂದು ಕೇಳಲಿಲ್ಲ. ದೇವಲಾಪುರದವರು ಉತ್ಸಾಹದಲ್ಲಿ ಹದಿನಾಲ್ಕು ತೆಗೆದು, ಮೂರು ಹೆಂಚಿಗೆ ಕಾರಣ ಕೇಳುವ ನೋಟಿಸು ಪಡೆದರು.

ಗಂಜಾಂ ಕೇಂದ್ರದ ತಿಮ್ಮರಾಜು ಮಾತ್ರ, ನಮ್ಮದು ಆರ್‌ಸಿಸಿ ಕಟ್ಟಡ, ತೆಗೆಯಲು ಹೆಂಚೇ ಇಲ್ಲ, ಏನು ಮಾಡಬೇಕು ಎಂದು ಪತ್ರ ಬರೆದ. ಕಚೇರಿಯಿಂದ ಅವನಿಗೆ ಹನ್ನೊಂದು ಹೆಂಚು ಕಳಿಸಿಕೊಟ್ಟೆವು. ಅವನು ಹೆಂಚು ತಲುಪಿದ್ದಕ್ಕೆ ಒಂದು ಸಹಿ, ತೆಗೆದದ್ದಕ್ಕೆ ಒಂದು ಸಹಿ ಹಾಕಿ, ಅದೇ ಗಾಡಿಯಲ್ಲಿ ವಾಪಸ್ಸು ಕಳಿಸಿದ.