ಒಂದೇ ಸಲಕ್ಕೆ ‘ಹೂಂ’ ಎನ್ನದವರು

ನಮ್ಮ ಭಾವನವರು, ಅಂದರೆ ನನ್ನ ಅಕ್ಕನ ಯಜಮಾನರು, ಜೀವಮಾನದಲ್ಲಿ ಯಾವುದಕ್ಕೂ ಒಂದೇ ಸಲಕ್ಕೆ ‘ಹೂಂ’ ಎಂದವರಲ್ಲ. ಉತ್ಪ್ರೇಕ್ಷೆ ಎನ್ನುತ್ತೀರಾ? ಅಕ್ಕನನ್ನು ನೋಡಲು ಮೈಸೂರಿನ ನಮ್ಮ ಮನೆಗೆ ಬಂದ ದಿನ, “ಹುಡುಗಿ ಒಪ್ಪಿಗೆಯೇ?” ಎಂದು ನಮ್ಮ ತಂದೆ ಕೇಳಿದರೆ, ಈ ಮಹಾನುಭಾವರು “ಛೇ ಛೇ, ಅದಕ್ಕೇನು ಈಗ ಅವಸರ, ಬಿಡಿ” ಎಂದುಬಿಟ್ಟರು! ಒಳಗೆ ಅಕ್ಕ ಅಳುತ್ತ ಕುಳಿತಳು. ತಂದೆ ಇನ್ನೊಮ್ಮೆ ಕೇಳಿದರು. ಮತ್ತೂ ಒಮ್ಮೆ ಕೇಳಿದರು. ಆಗ ನೆಲ ನೋಡುತ್ತ “ಹೂಂ” ಎಂದರು. ಆಮೇಲೆ ತಿಳಿದದ್ದು ಏನೆಂದರೆ, ಒಳಗೆ ಹೀಗೆ ಬಿಗಿದುಕೊಂಡು ಕೂರುವುದಕ್ಕೆ ಮೊದಲೇ ಕಿಟಕಿಯಲ್ಲಿ ಅಕ್ಕನನ್ನು ಕಂಡು, ಬಾಗಿಲಲ್ಲಿ ನಿಂತಿದ್ದ ಜಟಕಾದವನಿಗೆ “ನಾನು ಈ ಮನೆಯ ಅಳಿಯ ಕಣಯ್ಯ” ಎಂದು ಹೇಳಿಕೊಂಡಿದ್ದರಂತೆ!

ಇದಕ್ಕೊಂದು ಸಿದ್ಧಾಂತವೂ ಅವರಲ್ಲಿತ್ತು. “ಮೊದಲ್ನೇ ಸಲ ಕೇಳೋದು ಬರೀ ಬಾಯಿ ಕಣಮ್ಮ. ಮನಸ್ಸು ಕೇಳೋದು ಎರಡನೇ ಸಲ” ಎನ್ನುತ್ತಿದ್ದರು. ಮೈಸೂರಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಅಲ್ಲಿ ಬಡಿಸುವವರೂ ಇದೇ ಸಿದ್ಧಾಂತದವರು. ನೀವು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಬಿಡುತ್ತಾರೆ. ಆದರೆ ಭಾವನವರು ಈ ಸಿದ್ಧಾಂತವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಅಮೆರಿಕಕ್ಕೆ ಬಂದುಬಿಟ್ಟರಲ್ಲ!

ನಾನು ಕಾನ್ವೆಂಟಿನಲ್ಲಿ ಓದಿದವಳು. ಕ್ರಿಸ್‌ಮಸ್ ದಿನ ನಮ್ಮ ಸಿಸ್ಟರ್ ತಟ್ಟೆ ಮುಂದೆ ಹಿಡಿದು “ಯೆಸ್ ಪ್ಲೀಸ್, ಆರ್ ನೋ ಥ್ಯಾಂಕ್ ಯೂ?” ಎನ್ನುತ್ತಿದ್ದರು. ಸಂಕೋಚಕ್ಕೆ ‘ನೋ’ ಎಂದರೆ ಪ್ಲಮ್ ಕೇಕು ಪಕ್ಕದ ಹುಡುಗಿಯ ಪಾಲು. ಒಂದು ಕ್ರಿಸ್‌ಮಸ್‌ನಲ್ಲಿ ಹಾಗೆ ಕೇಕು ಕಳೆದುಕೊಂಡವಳು ನಾನು ಅಂದೇ ಅಮೆರಿಕಕ್ಕೆ ತಯಾರಾಗಿಬಿಟ್ಟೆ. ಭಾವನವರಿಗೆ ಆ ಟ್ರೈನಿಂಗ್ ಆಗಿರಲಿಲ್ಲ.

ಅವರಿದ್ದದ್ದು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ನಲ್ಲಿ. ಒಂದು ಲ್ಯಾಬೊರೇಟರಿಯಲ್ಲಿ ದೊಡ್ಡ ಕೆಮಿಸ್ಟ್, ಊರಿನವರಿಗೆಲ್ಲ ‘ಡಾಕ್ಟರ್’. ಪಕ್ಕದ ಮನೆಯ ಅಜ್ಜಿ ಒಂದು ದಿನ ಪೀಚ್ ಹಣ್ಣು ತುಂಬಿದ ಬಿಸಿ ಬಿಸಿ ಪೈ ಮಾಡಿ ಬಾಗಿಲಿಗೇ ತಂದಳು. “ನೋ ನೋ, ಇಷ್ಟೆಲ್ಲ ತೊಂದರೆ ಯಾಕೆ ತಗೊಂಡಿರಿ, ನಮಗೆ ಬೇಡವೇ ಬೇಡ” ಎಂದರು ಭಾವ. “ಓ, ಐ ಆಮ್ ಸೋ ಸಾರಿ, ಹನೀ” ಎಂದು ಆಕೆ ಪೈ ಸಮೇತ ಹಿಂದಕ್ಕೆ ಹೊರಟೇಹೋದಳು! ಪೈ ಹುಲ್ಲುಹಾಸು ದಾಟುವವರೆಗೂ ಭಾವ ಕಿಟಕಿಯಲ್ಲಿ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನೋಡುತ್ತಿದ್ದರು.

“ಇನ್ನೊಂದು ಸಲ ಕೇಳಬಾರದಾಗಿತ್ತಾ?” ಎಂದು ಗೊಣಗಿದರಂತೆ.

“ಇನ್ನೊಂದು ಸಲ ಕೇಳೋದಕ್ಕೆ ಆಕೆಯೇನು ನಿಮ್ಮ ಸೋದರತ್ತೆನೇನ್ರೀ?” ಎಂದಳು ಅಕ್ಕ.

ನಾವಿದ್ದದ್ದು ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನಲ್ಲಿ, ಅಲ್ಲಿನ ದೊಡ್ಡ ಹಿಂದೂ ದೇವಸ್ಥಾನದ ಹತ್ತಿರವೇ. ದರ್ಶನಕ್ಕೆ ಬಂದಾಗಲೆಲ್ಲ ಅವರ ಠಿಕಾಣಿ ನಮ್ಮಲ್ಲೇ. ಒಂದು ಸಲ ಹೊರಡುವ ಮುಂಚೆ ಕಾಫಿ ಕೊಟ್ಟರೆ “ಬೇಡಮ್ಮ” ಎಂದರು. ನಮ್ಮ ಯಜಮಾನರಿಗೆ ತುಂಟತನ. “ಹಾಗಾದರೆ ಸರಿ” ಎಂದು ಆ ಕಾಫಿಯನ್ನು ತಾವೇ ಕುಡಿದುಬಿಟ್ಟರು! ಭಾವನವರ ಮುಖ ನೋಡಬೇಕಿತ್ತು. ದಾರಿಯಲ್ಲಿ ತಡೆಯಲಾರದೆ ಕಾರು ನಿಲ್ಲಿಸಿ ಅಂಗಡಿಗೆ ಹೋದರಂತೆ. ಕೌಂಟರಿನ ಹುಡುಗಿ “ಕ್ರೀಮ್? ಶುಗರ್?” ಎಂದಿದ್ದಾಳೆ. ಅಭ್ಯಾಸಬಲ! “ನೋ ನೋ” ಎಂದಿದ್ದಾರೆ. ಕಷಾಯದಂಥ ಕರಿ ಕಾಫಿ ಕುಡಿದುಕೊಂಡು ಏಪೆಕ್ಸ್ ತಲುಪಿದರು.

ಇಲ್ಲಿಯವರೆಗೆ ನಾವೆಲ್ಲ ನಕ್ಕದ್ದೇ ನಕ್ಕದ್ದು. ಪೈ ಹೋದರೆ ಹೋಯಿತು, ಕಾಫಿ ಹೋದರೆ ಹೋಯಿತು. ಆಮೇಲೆ ಬಂತು ನೋಡಿ ಫುಟ್‌ಬಾಲ್.

ಇವರ ಒಬ್ಬನೇ ಮಗ ಅರವಿಂದ. ಇಲ್ಲೇ ಹುಟ್ಟಿದವನು, ಉದ್ದ ಕಾಲಿನ ಮೆದು ಮಾತಿನ ಹುಡುಗ. ಹೈಸ್ಕೂಲಿನಲ್ಲಿ ಅಮೆರಿಕನ್ನರ ಆ ಫುಟ್‌ಬಾಲ್ ಆಡುತ್ತಿದ್ದ. ಚೆಂಡು ಮೊಟ್ಟೆಯ ಆಕಾರ, ಹುಡುಗರು ಹೆಲ್ಮೆಟ್ ಹಾಕಿಕೊಂಡು ಗೂಳಿಗಳ ಹಾಗೆ ಡಿಕ್ಕಿ ಹೊಡೆಯುತ್ತಾರಲ್ಲ, ಅದು. ಅಕ್ಕ ಒಪ್ಪಿದ್ದೇ ಅವನು ‘ಕಿಕ್ಕರ್’ ಎಂಬ ಕಾರಣಕ್ಕೆ. ಗೂಳಿಗಳೆಲ್ಲ ಗುದ್ದಾಡಿ ಮುಗಿದ ಮೇಲೆ ಕಿಕ್ಕರ್ ಬಂದು, ಮೈದಾನದ ತುದಿಯ ಎರಡು ಎತ್ತರದ ಕಂಬಗಳ ನಡುವೆ ಹಾಯುವಂತೆ ಚೆಂಡನ್ನು ಒದ್ದು, ಷರಟಿಗೆ ಮಣ್ಣು ಹತ್ತಿಸಿಕೊಳ್ಳದೆ ವಾಪಸಾಗುತ್ತಾನೆ. ಅರವಿಂದ ಒದ್ದರೆ ಆ ಚೆಂಡು ಏರಿದ ಎತ್ತರವೇನು! ಒಂದು ಕ್ಷಣ ಇಡೀ ಊರೇ ಕತ್ತು ಮೇಲೆತ್ತಿ ಸುಮ್ಮನಾಗುತ್ತಿತ್ತು.

ಒಬ್ಬರ ಹೊರತು! ಭಾವನವರು ಶುಕ್ರವಾರದ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಮಂಕಿ ಕ್ಯಾಪ್, ಮಫ್ಲರ್, ಸ್ಟೀಲ್ ಫ್ಲಾಸ್ಕು. ಆದರೆ ಮಗ ಒದೆಯಲು ಬಂದನೆಂದರೆ ಎದ್ದು ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತುಬಿಡುವರು. ನೋಡುವ ಧೈರ್ಯವೇ ಇಲ್ಲ! ನಾವು ಏಪೆಕ್ಸ್‌ಗೆ ಹೋದಾಗಲೆಲ್ಲ, ಹಿಂದಿನ ಸಾಲಿನಲ್ಲಿ ಕುಳಿತ ನನ್ನ ಮುಖವನ್ನೇ ನೋಡುತ್ತ, “ಏನಾಯ್ತಮ್ಮ? ಬೇಗ ಹೇಳೇ!” ಎಂದು ಪಿಸುಗುಡುವರು. ನಾನು ಚಪ್ಪಾಳೆ ತಟ್ಟಿದರೆ ಮಾತ್ರ ತಿರುಗುವರು. ಅಷ್ಟು ಹೊತ್ತಿಗೆ ಮಗ ಬೆಂಚಿಗೆ ಹೋಗಿಯಾಗಿರುತ್ತಿತ್ತು.

ಈ ದೇಶದಲ್ಲಿ ಒಂದು ಪದ್ಧತಿಯಿದೆ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಹುಡುಗರನ್ನು ಹುಡುಕಿಕೊಂಡು ಕಾಲೇಜಿನ ಕೋಚ್‌ಗಳು ಮನೆಮನೆಗೆ ಬರುತ್ತಾರೆ. ಸೋಫಾದಲ್ಲಿ ಕುಳಿತು, ಅಮ್ಮನ ಅಡುಗೆ ಹೊಗಳಿ, “ನಿಮ್ಮ ಹುಡುಗನನ್ನು ನಮ್ಮ ಟೀಮಿಗೆ ಕೊಡಿ, ಓದಿನ ಖರ್ಚೆಲ್ಲ ನಮ್ಮದು” ಎನ್ನುತ್ತಾರೆ. ಅಟ್ಲಾಂಟಾ ಕಡೆಯ ಒಂದು ಕಾಲೇಜಿನ ಕೋಚ್ ಒಂದು ಜನವರಿಯಲ್ಲಿ ಹಾಗೆ ಬರುತ್ತೇನೆಂದು ಫೋನ್ ಮಾಡಿದರು. ಅವರಿಗೆ ಬೇಕಿದ್ದದ್ದು ಒಬ್ಬನೇ ಒಬ್ಬ ಕಿಕ್ಕರ್. ಅರವಿಂದನಿಗೆ ಊಟ ಸೇರದು, ನಿದ್ದೆ ಬಾರದು. “ಚಿಕ್ಕಮ್ಮ, ದಿಸ್ ಈಸ್ ಇಟ್. ಐ ವಾಂಟ್ ದಿಸ್ ಸೋ ಬ್ಯಾಡ್ಲಿ” ಎಂದು ನನಗೆ ಫೋನಿನಲ್ಲಿ ಹೇಳಿದ.

ಭಾವನವರು ನೆಲದ ಮೇಲೆಯೇ ಇರಲಿಲ್ಲ! “ಇಬ್ಬರು ತಂಗಿಯರ ಮದುವೆಗೆ ಅಂತ ಕಂಡವರ ಜಗಲೀಲಿ ಕೂತು ಕಾದವನು ನಾನು. ಈಗ ಜನ್ಮದಲ್ಲಿ ಮೊದಲ್ನೇ ಸಲ ನಾವು ಗಂಡಿನ ಕಡೆಯವರು ಕಣಮ್ಮ! ಕೇಳಿಕೊಂಡು ಬರ್ತಿರೋರು ಅವರು! ನೀವಿಬ್ಬರೂ ಬಂದುಬಿಡಿ, ನಮ್ಮ ಕಡೆ ನಾಲ್ಕು ಜನ ಹಿರಿಯರು ಕಾಣಬೇಡವೇ?” ನಮ್ಮ ಯಜಮಾನರು ರಜ ಹಾಕಿ ಕಾರು ತೆಗೆದರು.

ಕೋಚ್ ಬಂದರು. ಬಾಗಿಲಷ್ಟು ಅಗಲದ ಮನುಷ್ಯ, ಕೆಂಪು ಕೋಟು, ಮಗುವಿನಂಥ ನೀಲಿ ಕಣ್ಣು. ಅಕ್ಕ ಉಪ್ಪಿಟ್ಟು, ಕೇಸರಿಭಾತು ಇಟ್ಟಳು. ಭಾವನವರು ಕಾಲ ಮೇಲೆ ಕಾಲು ಹಾಕಿಕೊಂಡು, “ನಿಮ್ಮದು ಮೂಲ ಯಾವ ಊರು? ತಂದೆಯವರು ಏನು ಮಾಡುತ್ತಿದ್ದರು?” ಎಂದೆಲ್ಲ ಇಂಗ್ಲಿಷಿನಲ್ಲಿ ವಿಚಾರಿಸಿದರು. ಪಾಪ, ಆತ ತನ್ನ ತಾತನವರೆಗೂ ಹೇಳಿದರು. ಕೊನೆಗೆ ಮುಂದಕ್ಕೆ ಬಾಗಿ, “ಡಾಕ್ಟರ್, ಐ ವಾಂಟ್ ಯುವರ್ ಬಾಯ್. ಇಂಥ ಕಾಲು ನಾನು ಅಪರೂಪಕ್ಕೆ ನೋಡಿದ್ದೇನೆ. ಅವನನ್ನು ನಮಗೆ ಕೊಡುತ್ತೀರಾ?” ಎಂದರು.

ಎದುರಿಗೆ ಅರವಿಂದ ಉಸಿರು ಬಿಗಿಹಿಡಿದು ಕುಳಿತಿದ್ದ. ಭಾವನವರು ಗಂಟಲು ಸರಿಮಾಡಿಕೊಂಡರು.

“ಓ ನೋ ನೋ, ಕೋಚ್! ನಮ್ಮ ಹುಡುಗ ವೆರಿ ಆರ್ಡಿನರಿ. ನಥಿಂಗ್ ಸ್ಪೆಷಲ್. ಇವನಿಗಿಂತ ಒಳ್ಳೆಯವರು ನಿಮಗೆ ಬೇಕಾದಷ್ಟು ಸಿಗುತ್ತಾರೆ.”

“ಕೋಚ್, ವಾಟ್ ಹೀ ಮೀನ್ಸ್ ಈಸ್...” ಎಂದು ನಾನು ಬಾಯಿ ಹಾಕಿದೆ.

“ನೀನು ಸುಮ್ನಿರಮ್ಮ!” ಎಂದರು ಭಾವ. ಕೋಚ್ ಕಡೆ ತಿರುಗಿ ಠೀವಿಯಿಂದ, “ಐ ಮೀನ್ ಎವ್ರಿ ವರ್ಡ್!” ಎಂದರು.

ಕೋಚ್ ಹಿಂದಕ್ಕೆ ಒರಗಿದರು. ಆಮೇಲೆ ಅರವಿಂದನನ್ನು ನೋಡಿ ಮೃದುವಾಗಿ, “ನೀನೇನು ಹೇಳುತ್ತೀಯಪ್ಪ?” ಎಂದು ಕೇಳಿದರು.

ಹುಡುಗ ತನ್ನ ಪಾದಗಳನ್ನು ನೋಡುತ್ತ ಹೇಳಿದ: “ಮೈ ಡ್ಯಾಡ್ ಈಸ್ ಅ ಸೈಂಟಿಸ್ಟ್, ಸರ್. ಹೀ ಈಸ್ ಯೂಶುವಲಿ ರೈಟ್.”

ಕೋಚ್ ಎದ್ದು ಭಾವನವರ ಕೈ ಕುಲುಕಿದರು. “ಸರ್, ಪ್ರತಿಯೊಬ್ಬ ತಂದೆಯೂ ತನ್ನ ಮಗನಂಥವನಿಲ್ಲ ಎನ್ನುತ್ತಾನೆ. ಐ ಅಪ್ರಿಶಿಯೇಟ್ ಯುವರ್ ಆನೆಸ್ಟಿ” ಎಂದರು. ಅಕ್ಕ ಕೇಸರಿಭಾತು ಕಟ್ಟಿಕೊಡಲು ಹೋದರೆ “ನೋ ಥ್ಯಾಂಕ್ ಯೂ, ಮ್ಯಾಮ್” ಎಂದರು. ಅಕ್ಕ ಬಿಟ್ಟಾಳೆಯೇ? “ಪ್ಲೀಸ್, ಪ್ಲೀಸ್” ಎಂದು ಒತ್ತಾಯಿಸಿ ಕೈಗಿಟ್ಟೇ ಕಳಿಸಿದಳು. ಆ ದಿನ ಆ ಮನೆಯಲ್ಲಿ ಎರಡನೆಯ ಸಲ ಕೇಳಿದ್ದು ಅದೊಂದನ್ನೇ.

ಭಾವನವರು ಮಾತ್ರ ಗೆದ್ದವರ ಹಾಗಿದ್ದರು. “ನೋಡ್ತಿರಿ, ಫೋನ್ ಬರುತ್ತೆ!” ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಾನು ಲ್ಯಾನ್‌ಹ್ಯಾಮ್‌ನಿಂದ ಫೋನ್ ಮಾಡಿದರೆ ಮೊದಲ ಗಂಟೆಗೇ ಎತ್ತಿ, “ಓ, ನೀನಾ? ಇಡಮ್ಮ, ಲೈನು ಖಾಲಿ ಇರಲಿ” ಎನ್ನುವರು. ಫೆಬ್ರವರಿಯ ಬುಧವಾರವೊಂದು ಬಂತು. ಆಯ್ಕೆಯಾದ ಹುಡುಗರೆಲ್ಲ ಕಾಲೇಜಿನ ಟೋಪಿ ಹಾಕಿಕೊಂಡು ಸಹಿ ಮಾಡುವ ದಿನ. ಅರವಿಂದ ಎಂದಿನಂತೆ ಮನೆಗೆ ಬಂದು, ಮೊಸರನ್ನ ತಿಂದು, ಲೆಕ್ಕದ ಪುಸ್ತಕ ತೆರೆದನಂತೆ.

ಆಮೇಲೆ ಭಾವನವರು ತಾವಾಗಿಯೇ ಕೋಚ್‌ಗೆ ಫೋನ್ ಮಾಡಿದರು. ಆ ಜಾಗಕ್ಕೆ ಸೌತ್ ಕ್ಯಾರೊಲೈನಾದ ಒಬ್ಬ ಹುಡುಗ ಬಂದಾಗಿತ್ತು. ಇವರು ಎರಡನೆಯ ಸಲವೂ ಕೇಳಿದರಂತೆ. ಮೂರನೆಯ ಸಲವೂ. ಇದನ್ನು ಅಕ್ಕನೇ ಹೇಳಿದಳು. ನಗುವುದಕ್ಕೆ ನಮಗೂ ಏನೂ ಉಳಿದಿರಲಿಲ್ಲ.

ಅರವಿಂದ ಎಂಜಿನಿಯರಿಂಗ್ ಸೇರಿದ. ಗರಾಜಿನಲ್ಲಿ ಚೆಂಡು ಗಾಳಿ ಹೋಗಿ ಸೊಪ್ಪಾಯಿತು. ಅಪ್ಪ-ಮಗನ ನಡುವೆ ಜಗಳವೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು! “ಊಟ ಆಯ್ತಾ?” “ಆಯ್ತು.” ಅಷ್ಟೇ ಮಾತು. ಒಂದು ಸಲವೂ ಅವನು ಅಪ್ಪನನ್ನು ದೂರಲಿಲ್ಲ. ಅಪ್ಪ ಹೇಳಿದ್ದನ್ನು ಅವನು ನಂಬಿಬಿಟ್ಟಿದ್ದ.

ಭಾವನವರು ಹೋಗಿ ಈಗ ವರ್ಷಗಳಾದವು. ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅರವಿಂದ ಕಾಲೇಜು ಸೇರಿದ ಮೇಲಿನ ಒಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಧ್ಯಾಹ್ನ. ನಾವೆಲ್ಲ ಏಪೆಕ್ಸ್‌ನಲ್ಲಿ ಸೇರಿದ್ದೆವು. ಕಾಲೇಜಿನಿಂದ ಬಂದಿದ್ದ ಅರವಿಂದ ಅಡುಗೆಮನೆಯಲ್ಲಿ ನನಗೆ ಪಾತ್ರೆ ಒರೆಸಿಕೊಡುತ್ತ, ತಾನಾಗಿಯೇ ಹೇಳಿದ:

“ಚಿಕ್ಕಮ್ಮ, ಐ ಆಮ್ ನಾಟ್ ಮ್ಯಾಡ್. ಅಪ್ಪಂಗೆ ನನ್ನ ಆಟ ಇಷ್ಟ ಇರಲಿಲ್ಲ, ದಟ್ಸ್ ಓಕೆ. ಎವ್ರಿ ಕಿಕ್, ಸ್ಟ್ಯಾಂಡ್ಸ್‌ನಲ್ಲಿ ನೋಡಿದ್ರೆ ಅಪ್ಪನ ಬೆನ್ನು ಮಾತ್ರ ಕಾಣ್ತಿತ್ತು. ದಟ್ ಮಂಕಿ ಕ್ಯಾಪ್.”

ನಾನು ತಿರುಗಿ ನೋಡಿದರೆ ಬಾಗಿಲಲ್ಲಿ ಭಾವ! ಕಾಫಿಗೆಂದು ಬಂದವರು ಖಾಲಿ ಲೋಟ ಹಿಡಿದು ನಿಂತಿದ್ದರು.

“ಅಲ್ವೋ ಮಗು,” ಎಂದರು. ಒಳಗೆ ಬಂದು ಲೋಟವನ್ನು ಸಿಂಕಿನ ಪಕ್ಕಕ್ಕಿಟ್ಟರು. “ನನಗೆ ಭಯ ಕಣೋ. ನೀನು ಒದೆಯೋವಾಗ ನನ್ನ ಕೈಕಾಲು ತಣ್ಣಗಾಗ್ತಿತ್ತು. ನೋಡ್ತಿದ್ದೋಳು ಚಿಕ್ಕಮ್ಮ, ಕೇಳು ಬೇಕಾದ್ರೆ. ಇನ್ನು ಆ ಕೋಚು... ಅವನು ‘ಇಲ್ಲ ಡಾಕ್ಟರ್, ನಿಮ್ಮ ಹುಡುಗನಂಥೋನು ಇಲ್ಲವೇ ಇಲ್ಲ’ ಅಂತಾನೆ ಅಂದ್ಕೊಂಡೆ. ಎಲ್ಲರ ಮುಂದೆ ಅವನ ಬಾಯಲ್ಲಿ ಅದನ್ನ ಇನ್ನೊಂದು ಸಲ ಕೇಳಬೇಕು ಅಂತ ಆಸೆ ಆಯ್ತೋ.”

ಅರವಿಂದ ಒಂದೇ ತಟ್ಟೆಯನ್ನು ಒರೆಸಿದ್ದೇ ಒರೆಸಿದ್ದು. ಆಮೇಲೆ ಬಟ್ಟೆ ಕೆಳಗಿಟ್ಟ.

“ಅಪ್ಪ, ಗ್ರೌಂಡಿಗೆ ಬರ್ತೀಯಾ?”

“ಹೂಂ.”

ಒಲೆಯ ಬಳಿಯಿದ್ದ ಅಕ್ಕ, ನಾನು ಮುಖ ಮುಖ ನೋಡಿಕೊಂಡೆವು. ಎಂದಿನ ‘ಬೇಡ’ಗಳಿಗಾಗಿ ಕಾದೆವು. ಬರಲಿಲ್ಲ! ಭಾವನವರು ಆಗಲೇ ಮಂಕಿ ಕ್ಯಾಪ್ ಹುಡುಕುತ್ತಿದ್ದರು.

ನಾವೂ ಜೊತೆಗೆ ಹೋದೆವು. ಹಬ್ಬದ ದಿನವಾದ್ದರಿಂದ ಹೈಸ್ಕೂಲಿನ ಮೈದಾನ ಖಾಲಿ ಹೊಡೆಯುತ್ತಿತ್ತು. ಅರವಿಂದ ಚೆಂಡಿಗೆ ಗಾಳಿ ತುಂಬಿ ತಂದಿದ್ದ. ಭಾವನವರು ಅವನ ಪಕ್ಕದಲ್ಲೇ, ಕಂಬಗಳಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಮಫ್ಲರ್ ಹಿಡಿದುಕೊಂಡು ನಿಂತರು. ಅವನು ಓಡಿ ಬಂದು ಒದ್ದ. ಅಭ್ಯಾಸ ಬಿಟ್ಟ ಕಾಲು. ಚೆಂಡು ವಾಲಾಡುತ್ತ ಏರಿ, ಕಂಬದಿಂದ ಎಷ್ಟೋ ದೂರಕ್ಕೆ ಹೋಗಿ ಪೊದೆಯೊಳಗೆ ಬಿತ್ತು.

ಭಾವನವರು ಜೋರಾಗಿ ಚಪ್ಪಾಳೆ ತಟ್ಟಿದರು. “ಭೇಷ್! ಅದ್ಭುತ ಕಣೋ!”

ಅರವಿಂದ ನಕ್ಕುಬಿಟ್ಟ. ಎಷ್ಟು ಕಾಲವಾಗಿತ್ತೋ ಅವನು ಅಪ್ಪನ ಮುಂದೆ ಹಾಗೆ ನಕ್ಕು! “ಅಪ್ಪಾ, ದಟ್ ವಾಸ್ ಅ ಮಿಸ್!”

“ನಂಗೇನೋ ಗೊತ್ತು?” ಎಂದರು ಭಾವ, ಕಣ್ಣೊರೆಸಿಕೊಳ್ಳುತ್ತ. “ನಾನು ನೋಡಿದ್ದು ಇದೇ ಮೊದಲು.”