ಮಗ್ಗದ ಮನೆಯ ಹಾಡಿನ ಡಿಗ್ರಿ

ನಾನು ಹಾಡೋಕೆ ಅಂತ ಬಾಯಿ ತೆಗೆದರೆ ಸಾಕು, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ. ಬೇರೆಯವರಿಗೆ ಹಾಡಿದ್ದಕ್ಕೆ ಚಪ್ಪಾಳೆ ಬಂದಿರಬಹುದು, ನನಗೆ ಲವಂಗದ ಎಣ್ಣೆ ಬಂದಿದೆ. ಕೊಯಮತ್ತೂರಿನ ಒಂದು ಯೂನಿವರ್ಸಿಟಿಯಲ್ಲಿ ಮೂರು ವರ್ಷ ಸಂಗೀತ ನಾಟಕ ಓದಿದವಳು ನಾನು. ಹಾಡ್ತಾ, ಕುಣೀತಾ, ಮಾತಾಡ್ತಾ ನಾಟಕ ಆಡೋದು, ಅದಕ್ಕೊಂದು ಡಿಗ್ರಿ. ಆ ಮೂರು ವರ್ಷವೂ ನನಗಿದ್ದ ಆಸೆ ಒಂದೇ. ನಾನು ಹಾಡೋದನ್ನ ನಮ್ಮಮ್ಮ ಒಂದು ಸಲ ಕೇಳಬೇಕು. ಒಂದೇ ಮನೆಯಲ್ಲಿರೋ ಮಗಳ ಹಾಡು ತಾಯಿ ಕೇಳಿಲ್ವಾ ಅಂತ ನೀವು ಕೇಳಬಹುದು. ಕೇಳಿರಲಿಲ್ಲ. ಅದು ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

೧. ಸನ್ನೆ ಇಲ್ಲದ ಓದು

ನಮ್ಮದು ಕೊಯಮತ್ತೂರಿನ ಹತ್ತಿರ, ಸೋಮನೂರು ಕಡೆ. ಯಾವ ಕಾಲದಲ್ಲೋ ಕನ್ನಡ ನಾಡಿಂದ ಬಂದು ನೆಲೆಸಿದ ನೇಕಾರರು. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಮಗ್ಗಕ್ಕೆ ನಾವು ತರಿ ಅಂತೀವಿ. ತರಿಗಳು ಓಡೋಕೆ ಶುರುವಾದರೆ ಪಕ್ಕದಲ್ಲೇ ನಿಂತವರು ಕಿರುಚಿದರೂ ಕೇಳಲ್ಲ. ಹಾಗಾಗಿ ಶೆಡ್ಡಿನವರು ಬಾಯಾಡೋದನ್ನ ನೋಡಿ ಮಾತು ತಿಳ್ಕೋತಾರೆ, ಮಿಕ್ಕಿದ್ದೆಲ್ಲ ಕೈಸನ್ನೆ. ಎರಡು ತೋರುಬೆರಳು ತಾಗಿಸಿ ದೂರ ಎಳೆದರೆ ನೂಲು ಹರೀತು ಅಂತ. ಅವೇ ಬೆರಳು ಒಂದರ ಸುತ್ತ ಒಂದು ಸುತ್ತಿದರೆ, ಕಟ್ಟಿ ಓಡಿಸು ಅಂತ. ಹೆಬ್ಬೆರಳು ಎತ್ತಿದರೆ ಟೀ.

ನಾನು ಹಾಡು ಕಲಿತಿದ್ದೇ ಆ ಸದ್ದಿನೊಳಗೆ. ಬಾಬಿನ್‌ಗೆ ನೂಲು ಸುತ್ತುತ್ತಾ ಎಷ್ಟು ಜೋರಾಗಿ ಹಾಡಿದರೂ ಯಾರೂ ಬಯ್ಯಲ್ಲ, ಯಾರಿಗೂ ಕೇಳಲ್ಲವಲ್ಲ. ಎದುರು ತರಿಯಿಂದ ಅಮ್ಮ ನನ್ನ ಬಾಯನ್ನೇ ನೋಡ್ತಿದ್ದಳು, ನಗ್ತಿದ್ದಳು. ತರಿ ನಿಂತ ಮೇಲೆ, "ಈಗ ಪಾಡು ಕಣ್ಣು, ಕೇಳಾಣ" ಅಂತಿದ್ದಳು. ಪಾಡು ಅಂದರೆ ಹಾಡು, ಕಣ್ಣು ಅನ್ನೋದು ನಮ್ಮ ಕಡೆ ಮುದ್ದಿನ ಮಾತು. ಆಗ ನನ್ನ ಗಂಟಲಿಂದ ಒಂದು ಎಳೆಯೂ ಹೊರಡ್ತಿರಲಿಲ್ಲ. ಸದ್ದು ನಿಂತರೆ ನಾನೂ ನಿಂತುಬಿಡ್ತಿದ್ದೆ. "ಆಯ್ತು, ನಾಳಿಕೆ" ಅಂತ ಅಮ್ಮ ಒಲೆ ಹಚ್ಚೋಕೆ ಹೋಗ್ತಿದ್ದಳು. ಆ ನಾಳೆಗಾಗಿ ನಾವಿಬ್ಬರೂ ಬಹಳ ವರ್ಷ ಕಾದಿದ್ದೀವಿ.

ಡಿಗ್ರಿಗೆ ಸೇರಿದ ಹೊಸದರಲ್ಲಿ, ಪಕ್ಕದ ತರಿ ನೋಡ್ಕೊಳ್ತಿದ್ದ ಅತ್ತೆ ಅಮ್ಮನನ್ನ ಸನ್ನೆಯಲ್ಲೇ ಕೇಳಿದರು, ಮಗಳು ಏನು ಓದ್ತಾಳೆ ಅಂತ. ಡಾಕ್ಟರಿಗೆ ಸನ್ನೆ ಇದೆ, ಟೀಚರಿಗೆ ಇದೆ, ತಿರುಪ್ಪೂರಿನ ಬನಿಯನ್ ಕಂಪನಿ ಕೆಲಸಕ್ಕೂ ಇದೆ. ಸಂಗೀತ ನಾಟಕಕ್ಕೆ ಎಲ್ಲಿಂದ ತರೋದು? ಅಮ್ಮ ಯೋಚನೆ ಮಾಡಿ, ಒಂದು ಕೈ ಕೆನ್ನೆಗಿಟ್ಟು, ಬಾಯಿ ಅಗಲ ತೆಗೆದು, ತಲೆ ಆಡಿಸಿ, ಎರಡು ಹೆಜ್ಜೆ ಕುಣಿದು, ಕೊನೆಗೆ ಮೂರು ವರ್ಷ ಅಂತ ಮೂರು ಬೆರಳು ತೋರಿಸಿದಳು. ಅತ್ತೆಯ ಮುಖ ಸಣ್ಣಗಾಯಿತು. ಸಂಜೆ ಮನೆಗೆ ಬಂದು ಲವಂಗದ ಎಣ್ಣೆ ಕೈಗಿಟ್ಟರು. "ಮೂರು ದಿವಸದಿಂದ ಹಲ್ಲುನೋವು ಇಟ್ಕೊಂಡು ಸುಮ್ಮನೆ ಇದ್ದೀಯಲ್ಲ ಕಣ್ಣು, ಕುಣಿಯೋ ಅಷ್ಟು ನೋವು ಅಂತಾಳೆ ನಿಮ್ಮಮ್ಮ" ಅಂದರು.

೨. ಫ್ಯಾನ್ ಹಾಕಬಹುದಾ ಸಾರ್

ಮೊದಲನೇ ಹಾಡಿನ ಕ್ಲಾಸು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಬ್ಬೊಬ್ಬರನ್ನೇ ಹಾಡಿಸ್ತಿದ್ದರು. ರೂಮು ಎಷ್ಟು ನಿಶ್ಶಬ್ದವಾಗಿತ್ತು ಅಂದರೆ ನನ್ನ ಬಳೆ ಅಲ್ಲಾಡಿದ್ದೂ ಕೇಳ್ತಿತ್ತು. ನನ್ನ ಸರದಿ ಬಂತು. ನಿಂತೆ, ಬಾಯಿ ತೆಗೆದೆ, ಮುಚ್ಚಿದೆ. ಮತ್ತೆ ತೆಗೆದೆ. ಮೇಷ್ಟ್ರು ಪಾಪ ಮೂರು ಸಲ ಶ್ರುತಿ ಕೊಟ್ಟರು.

"ಸಾರ್, ಫ್ಯಾನ್ ಹಾಕಬಹುದಾ?" ಅಂದೆ.

ಬೆಳಗಿನ ಚಳಿ ಹೊತ್ತು. ಎಲ್ಲರೂ ಸ್ವೆಟರ್ ಹಾಕ್ಕೊಂಡು ಕೂತಿದ್ದರು. ಮೇಷ್ಟ್ರು ಹುಬ್ಬೇರಿಸಿ ಹೂಂ ಅಂದರು. ಆ ಕ್ಲಾಸಿನದು ಓಬೀರಾಯನ ಕಾಲದ ಫ್ಯಾನು, ಕಟಕಟಕಟ ಅಂತ ತಿರುಗೋಕೆ ಶುರುವಾಯಿತು. ನನಗೆ ಮನೆಗೆ ಬಂದ ಹಾಗಾಯಿತು. ಕಣ್ಣು ಮುಚ್ಚಿ ಶೆಡ್ಡಿನಲ್ಲಿ ಹೇಗೆ ಹಾಡ್ತಿದ್ದೆನೋ ಹಾಗೇ ಎತ್ತಿದೆ. ಅಷ್ಟೇ. ಕಾರಿಡಾರಿನ ಆ ತುದಿಯಿಂದ ಪ್ಯೂನ್ ಓಡಿ ಬಂದ, ಯಾರಿಗೇನಾಯಿತು ಅಂತ.

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು. ಬೇಜಾರು ಮಾಡಿಕೊಳ್ಳದೆ, "ಯಾರಿಗೆ ಕೇಳಿಸಬೇಕು ಅಂತ ಹಾಡಿದೆಯಮ್ಮಾ ನೀನು?" ಅಂತ ಕೇಳಿದರು.

"ಅಮ್ಮನಿಗೆ" ಅಂತ ಬಾಯಿಂದ ಬಂದುಬಿಟ್ಟಿತು. ನನಗೇ ಗೊತ್ತಿಲ್ಲದ ಹಾಗೆ ಬಂದಿತ್ತು.

"ಅಮ್ಮ ಎಲ್ಲಿದ್ದಾರೆ?"

"ಸೋಮನೂರಲ್ಲಿ."

"ಹಾಗಾದರೆ ಕೇಳಿರುತ್ತೆ ಬಿಡು, ಕೂತ್ಕೊ" ಅಂದರು.

೩. ಸೇವಕನ ಪಾರ್ಟು

ಮೊದಲನೇ ವರ್ಷದ ನಾಟಕಕ್ಕೆ ಅಪ್ಪ ಅಮ್ಮ ಇಬ್ಬರನ್ನೂ ಕರೆದೆ. ಆದರೆ ಓಡ್ತಿರೋ ತರಿಗಳನ್ನ ಬಿಟ್ಟು ಇಬ್ಬರೂ ಎದ್ದು ಬರೋ ಹಾಗಿಲ್ಲ, ಯಾರಾದರೊಬ್ಬರು ನೂಲು ನೋಡ್ತಿರಬೇಕು. "ನೀನು ಹೋಗು" ಅಂತ ಅಪ್ಪ, "ನೀವು ಹೋಗಿ" ಅಂತ ಅಮ್ಮ. ಕೊನೆಗೆ ಅಪ್ಪನೇ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತ. ಪಕ್ಕದ ಕುರ್ಚಿ ನಾನು ಅಮ್ಮನಿಗೆ ಅಂತ ಹಿಡಿದಿಟ್ಟಿದ್ದು. ಖಾಲಿ ಇತ್ತು. ಪರದೆ ಸಂದಿಯಿಂದ ಅದನ್ನೇ ನೋಡ್ತಿದ್ದೆ.

ರಾಜನ ಪಾತ್ರದ ಹುಡುಗ ಸಿಂಹಾಸನದ ಮುಂದೆ ನಿಂತು ಎದೆ ಉಬ್ಬಿಸಿ ಹಾಡ್ತಿದ್ದ. ಅವನ ಪಂಚೆಯ ಗಂಟು ನಿಧಾನಕ್ಕೆ ಬಿಚ್ಚಿಕೊಳ್ತಾ ಇತ್ತು. ಅವನಿಗೆ ಗೊತ್ತಿಲ್ಲ. ಸೈಡ್ ವಿಂಗಿನಲ್ಲಿ ನಿಂತಿದ್ದ ನಾನು ಶೆಡ್ಡಿನ ಸನ್ನೆ ಮಾಡಿದೆ. ಎರಡು ಬೆರಳು ದೂರ ಎಳೆದೆ, ಆಮೇಲೆ ಸುತ್ತಿದೆ. ಹರೀತು, ಕಟ್ಟು. ಆ ಮಹಾರಾಜನಿಗೆ ಏನು ತಿಳೀಬೇಕು? ನನ್ನ ಕಡೆ ನೋಡಿ ಇನ್ನೂ ಜೋರಾಗಿ ಹಾಡಿದ.

ತಿಳಿದಿದ್ದು ಮುಂದಿನ ಸಾಲಲ್ಲಿದ್ದ ಅಪ್ಪನಿಗೆ. ನೂಲು ಹರೀತು ಅಂದರೆ ಸುಮ್ಮನೆ ಕೂರೋ ಜಾತಿಯೇ ಅಲ್ಲ. ಎದ್ದ, ಚಪ್ಪಲಿ ಬಿಟ್ಟ, ಮೆಟ್ಟಿಲು ಹತ್ತಿ ಸ್ಟೇಜಿಗೆ ಬಂದ. ರಾಜನ ಹಿಂದೆ ಕೂತು ಪಂಚೆಗೆ ಗಟ್ಟಿಯಾಗಿ ಗಂಟು ಹಾಕಿ, ಎರಡು ಸಲ ಎಳೆದು ನೋಡಿ, ಕೈ ಮುಗಿದು ಇಳಿದು ಹೋದ. ಪರೀಕ್ಷೆ ಮಾಡೋಕೆ ಬಂದಿದ್ದವರು ಕೊನೆಯಲ್ಲಿ ಮೈಕ್ ಹಿಡಿದು, ಇಡೀ ನಾಟಕದಲ್ಲಿ ಸಹಜವಾಗಿದ್ದದ್ದು ಆ ವಯಸ್ಸಾದ ಸೇವಕನ ಅಭಿನಯ ಒಂದೇ ಅಂದರು.

ಮಾರನೇ ದಿನ ಅಪ್ಪ ತರಿ ಮುಂದೆ ನಿಂತೇ ಅಮ್ಮನಿಗೆ ನಾಟಕದ ಕಥೆಯೆಲ್ಲ ಸನ್ನೆಯಲ್ಲಿ ಹೇಳಿದ. ಅದರಲ್ಲಿ ಮುಕ್ಕಾಲು ಭಾಗ ಅವನ ಪಾರ್ಟೇ. ವಾದ್ಯಗಳ ಸದ್ದಿನ ಮರೆಯಲ್ಲಿ ನಾನು ಹಾಡಿದ್ದ ಹಾಡಿನ ಸುದ್ದಿಯೇ ಇಲ್ಲ. ಅಮ್ಮ ಕಾದಿದ್ದು, "ಇವಳು ಪಾಡಿದ್ದು ಹೆಂಗಿತ್ತು?" ಅಂತ ಬಾಯಾಡಿಸಿ ಕೇಳಿದಳು. ಅಪ್ಪ ನನ್ನ ಕಡೆ ನೋಡಿದ. ಅವನ ಕಣ್ಣು ತುಂಬಿದ್ದು ನಾನು ನೋಡಿದೆ. ಬಹಳ ಚೆನ್ನಾಗಿತ್ತು ಅಂತ ಹೆಬ್ಬೆರಳು ಎತ್ತಿದ.

ಅಮ್ಮ ಒಳಗೆ ಹೋಗಿ ಟೀ ತಂದುಕೊಟ್ಟಳು.

೪. ಮಾತಾಡದ ಹುಡುಗಿ

ನಮ್ಮ ಕ್ಲಾಸಿನಲ್ಲಿ ತುಮಕೂರಿನ ಹುಡುಗಿ ಒಬ್ಬಳಿದ್ದಳು. ಅವಳಪ್ಪನಿಗೆ ಇಲ್ಲಿ ಇಂಜಿನಿಯರ್ ಕೆಲಸ ಅಂತ ಬಂದಿದ್ದವರು. ನನ್ನ ಕನ್ನಡ ಕೇಳಿದ ಮೊದಲ ದಿನವೇ, "ನಿನ್ನದು ಕನ್ನಡಾನಾ? ಮತ್ತೆ ಯಾಕೆ ತಮಿಳಿನ ಥರ ಎಳೀತೀಯ?" ಅಂದಳು. ನಾನು, "ನೀನು ಯಾಕೆ ನ್ಯೂಸ್ ಓದೋ ಥರ ಮಾತಾಡ್ತೀಯ?" ಅಂದೆ. ಅವತ್ತಿಂದ ಗೆಳತಿಯರು. ನಮ್ಮ ಮನೇಲಿ ಯಾರಿಗೂ ಕನ್ನಡ ಓದೋಕೆ ಬರಲ್ಲ. ಈಗ ಇದನ್ನ ಬರೀತಿರೋ ಅಕ್ಷರವೂ ಅವಳು ಕಲಿಸಿದ್ದೇ.

ಕೊನೇ ವರ್ಷ ಪ್ರತಿಯೊಬ್ಬರೂ ಒಂಟಿಯಾಗಿ ಒಂದು ಹಾಡಿನ ದೃಶ್ಯ ಮಾಡಬೇಕಿತ್ತು. ನಾನು ಕನ್ನಡದಲ್ಲಿ ಮಾಡ್ತೀನಿ ಅಂದೆ. ದೂರ ಹೋದ ಮಗಳು ಬಾಗಿಲಲ್ಲಿ ನಿಂತು ತಾಯಿಯನ್ನ ಕರೆಯೋ ಹಾಡು, ನಾವಿಬ್ಬರೇ ಕೂತು ಕಟ್ಟಿದ್ದು. ಅವಳು ತಿದ್ದಿ ತಿದ್ದಿ ಎಷ್ಟು ಒಳ್ಳೆ ಕನ್ನಡ ಮಾಡಿದಳು ಅಂದರೆ ನಮ್ಮಮ್ಮನಿಗೆ ಒಂದು ಮಾತೂ ತಿಳಿಯೋ ಹಾಗಿರಲಿಲ್ಲ. ಜಗಳವಾಡಿ ಎಲ್ಲ ವಾಪಸ್ ನಮ್ಮ ಮನೆ ಮಾತಿಗೇ ತಂದೆ. "ಮಾರ್ಕ್ಸ್ ಹೋಗುತ್ತೆ ನೋಡು" ಅಂದಳು. ಹೋಗಲಿ ಅಂದೆ. ಹಾಡು ಯಾರಿಗೆ ಅಂತ ನನಗೆ ಗೊತ್ತಿತ್ತು.

ಒಂದು ರಜೆಯಲ್ಲಿ ಅವಳನ್ನ ಮನೆಗೆ ಕರ್ಕೊಂಡು ಹೋದೆ. ಅಬ್ಬಾ, ಅವಳ ಬಾಯಿ. ಕೂತಲ್ಲಿ ನಿಂತಲ್ಲಿ ಒಂದೇ ಸಮ. ಶೆಡ್ಡಿನಲ್ಲಿ ಅಮ್ಮನ ಪಕ್ಕ ನಿಂತು ಊಟದ ಹೊತ್ತಿನವರೆಗೂ ಮಾತಾಡಿದಳು. ತನ್ನ ಊರು, ಅಜ್ಜಿ, ಕ್ಲಾಸು, ನನ್ನ ಹಾಡು, ಎಲ್ಲಾ. ಆದರೆ ತುಟಿ ಅಲುಗಾಡಿಸದೆ ನಯವಾಗಿ ಮಾತಾಡೋದು ಅವಳ ಅಭ್ಯಾಸ. ಅಮ್ಮ ನಗ್ತಾ ನಗ್ತಾ ತಲೆಯಾಡಿಸ್ತಾನೇ ಇದ್ದಳು. ಅವಳು ಬಸ್ಸು ಹತ್ತಿ ಹೋದ ಮೇಲೆ ಅಮ್ಮ ನನ್ನ ಹತ್ತಿರ ಬಂದು ಅಂದಳು, "ತಂಗಮಾನ ಹುಡುಗಿ ಕಣ್ಣು, ಚಿನ್ನದಂಥವಳು. ಆದ್ರೆ ಏನೋ ಮನಸ್ಸಲ್ಲಿ ಕಷ್ಟ ಇದೆ. ಅಷ್ಟು ಹೊತ್ತು ನಿಂತಿದ್ಳು, ಒಂದು ಮಾತು ಆಡಲಿಲ್ಲ."

೫. ಎರಡೂ ಕಡೆ ಕರೆಂಟು ಹೋದ ದಿನ

ಅದು ದಿನಾ ಕರೆಂಟು ತೆಗೀತಿದ್ದ ಕಾಲ. ಒಂದೊಂದು ಊರಿಗೆ ಒಂದೊಂದು ಹೊತ್ತು. ನೇಕಾರರೆಲ್ಲ ಶಾಪ ಹಾಕ್ತಿದ್ದರು. ನನ್ನ ಕೊನೇ ಪರೀಕ್ಷೆಯ ದಿನ ಮಾತ್ರ ನಾನು ಕೈ ಮುಗಿದೆ. ಸೋಮನೂರಿಗೆ ಮಧ್ಯಾಹ್ನವೆಲ್ಲ ಕರೆಂಟಿಲ್ಲ. ತರಿ ಓಡಲ್ಲ. ಅಂದರೆ ಅಮ್ಮ ಬರ್ತಾಳೆ.

ಬಂದಳು. ಮದುವೆಗೆ ಉಡೋ ಸೀರೆ, ಕೈಯಲ್ಲಿ ತಿಂಡಿ ಡಬ್ಬಿ. ಅಪ್ಪ ಮುಂದಿನ ಸಾಲಿಗೆ ಕರೆದರೂ ಕೇಳದೆ, ಅಷ್ಟು ಜನರ ಮಧ್ಯೆ ಯಾಕೆ ಅಂತ ಕೊನೇ ಸಾಲಿನಲ್ಲಿ ಕೂತಳು. ಅಪ್ಪನೂ ಅಲ್ಲೇ ಪಕ್ಕದಲ್ಲಿ ಕೂತ. ಪರದೆ ಸಂದಿಯಿಂದ ನೋಡಿದೆ.

ದೃಶ್ಯ ಶುರುವಾಯಿತು. ಸ್ಪೀಕರಿನಲ್ಲಿ ಸಂಗೀತ, ಮೇಲೆ ಫ್ಯಾನುಗಳು, ಕೈಯಲ್ಲಿ ಮೈಕು. ಬಾಗಿಲ ಚೌಕಟ್ಟಿಗೆ ಕೈ ಇಟ್ಟು ಮೊದಲನೇ ಸಾಲಿಗೆ ಉಸಿರೆಳೆದೆ. ಆಗ ಕೊಯಮತ್ತೂರಿನ ಕರೆಂಟೂ ಹೋಯಿತು.

ಸಂಗೀತ ನಿಂತಿತು. ಮೈಕು ಸತ್ತಿತು. ಫ್ಯಾನುಗಳು ಒಂದೊಂದೇ ನಿಂತವು. ಜನರೇಟರಿಗೆ ಡೀಸೆಲ್ ಇಲ್ಲ ಅಂತ ಹೊರಗೆ ಯಾರೋ ಕೂಗಿದರು. ಕಿಟಕಿಯಿಂದ ಬೆಳಕಿತ್ತು, ಹಾಲಿನಲ್ಲಿ ಒಂದು ಸೊಲ್ಲಿಲ್ಲ. ನಾನು ಹುಟ್ಟಿದಾಗಿಂದ ಹೆದರಿದ್ದು ಅದಕ್ಕೇ. ಮೇಷ್ಟ್ರು ಸೈಡಿನಿಂದ ಹಾಡು, ಹಾಡು ಅಂತ ತಲೆಯಾಡಿಸಿದರು. ಆಗಲಿಲ್ಲ. ಇಷ್ಟು ವರ್ಷ ಕಾದು, ಅಮ್ಮ ಬಂದು ಕೂತಾಗಲೇ ಹೀಗಾಗಬೇಕಾ ಅಂತ ಅಳು ಬಂತು.

ಕೊನೇ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. ಎರಡು ತೋರುಬೆರಳು ಎತ್ತಿ ಹಿಡಿದು, ದೂರ ಎಳೆದಳು. ಆಮೇಲೆ ಒಂದರ ಸುತ್ತ ಒಂದು ಸುತ್ತಿದಳು. ಹರೀತು, ಅಷ್ಟೇ. ಕಟ್ಟಿ ಓಡಿಸು.

ಹಾಡಿದೆ. ತರಿ ಇಲ್ಲ, ಫ್ಯಾನ್ ಇಲ್ಲ, ಏನೂ ಇಲ್ಲ. ನನ್ನ ಗಂಟಲು ಮಾತ್ರ. ಅಮ್ಮನನ್ನೇ ನೋಡ್ತಾ ಹಾಡಿದೆ. ಕನ್ನಡ ಬಾರದವರೂ ಸುಮ್ಮನೆ ಕೂತಿದ್ದರು. ಮೊದಲನೇ ಚರಣ ಮುಗಿದು, ಮಗಳು ಅಳು ತಡೆದುಕೊಂಡು ಮೌನವಾಗಿ ನಿಲ್ಲೋ ಜಾಗ ಬಂತು. ಮುಂದಿನ ಸಾಲಲ್ಲಿ ಇಬ್ಬರು ಕಣ್ಣೊರೆಸ್ಕೊಳ್ತಿದ್ದರು.

ತರಿ ಮುಂದೆ ಬದುಕಿದವರಿಗೆ ತಮ್ಮ ಮಾತು ಎಷ್ಟು ಜೋರು ಅಂತ ಗೊತ್ತಿರಲ್ಲ. ಆ ಮೌನದಲ್ಲಿ ಅಮ್ಮ ಅಪ್ಪನ ಕಿವಿಗೆ ಗುಟ್ಟಾಗಿ ಹೇಳ್ತಿದ್ದೀನಿ ಅಂದುಕೊಂಡು ಶೆಡ್ಡಿನ ಗಂಟಲಲ್ಲಿ ಕೇಳಿದಳು:

"ಏನುಂಗೊ, ಇವಳ ಕುರಲು ಹಿಂಗಾ ಇರೋದು? ನಾನು ಇಷ್ಟು ವರ್ಷ ದಪ್ಪ ಕುರಲು ಅಂತ ನೆನೆಸ್ಕೊಂಡಿದ್ನಲ್ಲ."

ನಮ್ಮ ಮನೆ ಕನ್ನಡದಲ್ಲಿ ಅರ್ಧ ತಮಿಳೇ. ದನಿಗೆ ಕುರಲು ಅನ್ನೋದೂ ತಮಿಳೇ. ಇಡೀ ಹಾಲಿಗೆ ಅರ್ಥವಾಯಿತು. ಪರೀಕ್ಷೆ ಮಾಡೋರು ಪೆನ್ನು ಬಿಟ್ಟು ನಕ್ಕರು, ಮೇಷ್ಟ್ರು ಗೋಡೆ ಹಿಡ್ಕೊಂಡು ನಕ್ಕರು. ನಾನೂ ನಗ್ತಾ ನಗ್ತಾ ಅತ್ತುಬಿಟ್ಟೆ. ಎದುರು ತರಿಯಿಂದ ಅಷ್ಟು ವರ್ಷ ನನ್ನ ಬಾಯಿ ನೋಡ್ತಾ ಅಮ್ಮ ಸುಮ್ಮನೆ ಇರಲಿಲ್ಲ. ತನ್ನ ಮನಸ್ಸಲ್ಲೇ ನನಗೊಂದು ಕುರಲು ಮಾಡಿ, ದಿನಾ ಅದನ್ನ ಕೇಳ್ತಾ ನೇಯ್ತಿದ್ದಳು.

ವಾಪಸ್ ಹೋಗೋ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತೆ. ಕೇಳದೆ ಇರೋಕಾಗಲಿಲ್ಲ. "ಹೆಂಗಿತ್ತಮ್ಮಾ?" ಅಂದೆ.

ಮುಂದಿನ ಸೀಟಿಂದ ಅಪ್ಪ ತಿರುಗಿ ಹೆಬ್ಬೆರಳು ಎತ್ತಿದ. ಅಮ್ಮ, "ಇರೀಂಗೊ, ಮನೆಗೆ ಹೋಗಿ ಟೀ ಹಾಕ್ತೀನಿ" ಅಂದಳು. ಆಮೇಲೆ ನನ್ನ ಕೈ ಹಿಡ್ಕೊಂಡಳು.

"ಚೆನ್ನಾಗೇ ಇತ್ತು ಕಣ್ಣು" ಅಂದಳು. "ಆದ್ರೆ ನಾನು ನೆನೆಸ್ಕೊಂಡಿದ್ದ ಕುರಲು ಇನ್ನೂ ಸ್ವಲ್ಪ ಚೆನ್ನಾಗಿತ್ತು."

ಈಗಲೂ ಎಲ್ಲಾದರೂ ಹಾಡೋಕೆ ನಿಂತಾಗ, ಆ ಕುರಲನ್ನ ನಾನೂ ಒಂದು ಸಲ ಕೇಳಬೇಕಿತ್ತು ಅನಿಸುತ್ತೆ.